ನಿಮ್ಮ ಏಜೆಂಟ್ ಯಾರು?

2025ರ ಜೂನ್ ತಿಂಗಳ ಒಂದು ಸಂಜೆ. ನಮ್ಮ ಸಹಕಾರಿ ಬ್ಯಾಂಕಿನ ಕೌಂಟರ್ ಮುಚ್ಚಿ ದಿನದ ಕ್ಯಾಶ್ ಎಣಿಸುತ್ತಿದ್ದೆ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಮೈಸೂರಿನ ಒಬ್ಬ ಹೆಣ್ಣುಮಗಳು, ಅನುವಾದ ಮಾಡುವವರು. ನನ್ನ ಕಥಾಸಂಕಲನ ಅವರಿಗೆ ಯಾರದೋ ಮನೆಯಲ್ಲಿ ಸಿಕ್ಕಿತಂತೆ. ಒಂದೇ ರಾತ್ರಿಯಲ್ಲಿ ಓದಿ ಮುಗಿಸಿದ್ದರಂತೆ. "ಎರಡು ಕಥೆ ಇಂಗ್ಲಿಷಿಗೆ ಮಾಡಿ ನೋಡ್ಲಾ?" ಅಂದರು. ನನಗೆ ಖುಷಿಗೆ ಮಾತೇ ಹೊರಡಲಿಲ್ಲ. ಆಮೇಲೆ ಅವರು ಕೇಳಿದರು: "ನಿಮಗೆ ಏಜೆಂಟ್ ಯಾರಾದ್ರೂ ಇದ್ದಾರಾ? ಅನುವಾದದ ಹಕ್ಕು ಯಾರ ಹತ್ರ ಇದೆ? ನಿಮ್ಮ ಹತ್ರಾನಾ, ಪ್ರಕಾಶಕರ ಹತ್ರಾನಾ?"

ಎರಡಕ್ಕೂ ನನ್ನ ಬಳಿ ಉತ್ತರ ಇರಲಿಲ್ಲ. ನಾಳೆ ಹೇಳುತ್ತೇನೆ ಅಂದೆ. ಆ ರಾತ್ರಿ ಪುಸ್ತಕ ಬಂದ ದಾರಿಯನ್ನೆಲ್ಲ ಮತ್ತೆ ನೆನಪು ಮಾಡಿಕೊಂಡೆ. ಕಥೆ ಬರೆಯುತ್ತಿರುವ, ಮೊದಲ ಪುಸ್ತಕಕ್ಕಾಗಿ ಓಡಾಡುತ್ತಿರುವ ಹುಡುಗ ಹುಡುಗಿಯರು ನನಗೆ ಆಗಾಗ ಮೆಸೇಜ್ ಮಾಡುತ್ತಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಂದೇ ಕಡೆ ಬರೆಯುತ್ತಿದ್ದೇನೆ.

ನಮ್ಮ ಕಡೆ ಏಜೆಂಟ್ ಅಂದ್ರೆ ಎಲ್ಐಸಿ ಏಜೆಂಟ್. ಆದರೆ ಆ ಕೆಲಸ ಏನು ಅಂತ ನನಗೆ ಅರ್ಥವಾಗಿದ್ದು ಬ್ಯಾಡಗಿ ಮಾರುಕಟ್ಟೆಯಿಂದ. ಅಪ್ಪ ಪ್ರತಿ ವರ್ಷ ಮೆಣಸಿನಕಾಯಿ ಚೀಲ ತಗೊಂಡು ದಲಾಲಿ ಅಂಗಡಿಗೆ ಹೋಗುತ್ತಾರೆ. ದಲಾಲರು ಚೀಲ ಇಳಿಸಿಕೊಳ್ಳುತ್ತಾರೆ, ಟೆಂಡರಿಗೆ ಇಡುತ್ತಾರೆ. ಖರೀದಿದಾರರು ಬಂದು ಕಾಯಿ ಮುರಿದು ನೋಡಿ, ಬಣ್ಣ ನೋಡಿ ರೇಟು ಹಾಕುತ್ತಾರೆ. ಸಣ್ಣವಳಿದ್ದಾಗ ನಾನೂ ಚೀಲದ ಮೇಲೆ ಕೂತು ಹೋಗಿದ್ದೇನೆ. ಒಂದು ಸಲ ನಮ್ಮ ದಲಾಲರು ಚೀಲದೊಳಗೆ ಕೈ ಹಾಕಿ, ಎರಡು ಕಾಯಿ ಹಿಸುಕಿ ನೋಡಿ, ಅಪ್ಪನಿಗೆ ಹೇಳಿದ್ದರು: "ಇನ್ನೂ ಹಸಿ ಐತಿ. ಎರಡು ದಿನ ಒಣಗಿಸಿ ತಗೊಂಬಾ. ಈಗ ಇಟ್ರ ನಿನಗ ಲುಕ್ಸಾನ." ಚೀಲ ವಾಪಸ್ ಮನೆಗೆ ಬಂತು. ಅಪ್ಪನಿಗೆ ಬೇಜಾರಾಯಿತು, ಆದರೆ ಆ ಅಂಗಡಿ ಬಿಡಲಿಲ್ಲ.

ಇಂಗ್ಲಿಷ್ ಪುಸ್ತಕಲೋಕದ ಏಜೆಂಟ್ ಮಾಡುವುದೂ ಇಂಥದ್ದೇ ಕೆಲಸ. ಹಸ್ತಪ್ರತಿ ಓದುತ್ತಾರೆ. ಹಸಿ ಇದ್ದರೆ ಹೇಳುತ್ತಾರೆ. ತಯಾರಾದ ಮೇಲೆ ಯಾವ ಪ್ರಕಾಶಕರಿಗೆ ಇದು ಹಿಡಿಸುತ್ತದೆ ಅಂತ ನೋಡಿ ಅವರ ಮುಂದೆ ಇಡುತ್ತಾರೆ. ಕರಾರು ಓದುತ್ತಾರೆ, ಅನುವಾದದ ಹಕ್ಕು, ಸಿನಿಮಾದ ಹಕ್ಕು ಬೇರೆ ಬೇರೆ ಮಾಡಿ ಮಾರುತ್ತಾರೆ. 19ನೇ ಶತಮಾನದ ಕೊನೆಯಲ್ಲಿ ಲಂಡನ್ನಿನ ಎ.ಪಿ. ವ್ಯಾಟ್ ಇದನ್ನು ಒಂದು ಕಸುಬಾಗಿ ಮಾಡಿದರು, ನೂರಕ್ಕೆ ಹತ್ತು ತಗೊಳ್ಳುತ್ತಿದ್ದರು. ಈಗ ಸಾಮಾನ್ಯವಾಗಿ ನೂರಕ್ಕೆ ಹದಿನೈದು, ಹೊರದೇಶದ ಹಕ್ಕಿಗೆ ಇಪ್ಪತ್ತು. ಒಳ್ಳೆಯ ಏಜೆಂಟ್ ಬರೆಯುವವರಿಂದ ಮೊದಲೇ ದುಡ್ಡು ಕೇಳುವುದಿಲ್ಲ. ಪುಸ್ತಕ ಮಾರಿದಾಗ ಅವರ ಪಾಲು.

ನಮ್ಮ ಬೆಂಗಳೂರಿನಲ್ಲೇ 1997ರಲ್ಲಿ ಜಕರಂಡಾ ಅಂತ ಒಂದು ಸಾಹಿತ್ಯ ಏಜೆನ್ಸಿ ಶುರುವಾಗಿತ್ತು. ಆದರೆ ಅದು ಇಂಗ್ಲಿಷಿನ ಲೋಕ. ಕನ್ನಡದಲ್ಲಿ ಬರೆಯುವ ಹಾವೇರಿ ಕಡೆಯ ಹುಡುಗಿಗೆ ಆ ಕೆಲಸ ಯಾರು ಮಾಡಿಕೊಡುತ್ತಾರೆ?

ನನಗೆ ಮಾಡಿಕೊಟ್ಟವರಲ್ಲಿ ಮೊದಲನೆಯವರು ನಮ್ಮೂರಿನ ಮಾಸ್ತರು. ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದವರು, ಆಗಲೇ ರಿಟೈರ್ ಆಗಿದ್ದರು. 2020ರಲ್ಲಿ ಲಾಕ್‌ಡೌನ್ ಸ್ವಲ್ಪ ಸಡಿಲಾದಾಗ ನನ್ನ ಹದಿನಾಲ್ಕು ಕಥೆಗಳ ಪ್ರಿಂಟ್ ತೆಗೆಸಿ ಅವರಿಗೆ ಕೊಟ್ಟೆ. ಅಷ್ಟರಲ್ಲಿ ನನ್ನ ನಾಲ್ಕು ಕಥೆ ಪತ್ರಿಕೆಗಳಲ್ಲಿ ಬಂದಿದ್ದವು. ಅವು ಬಂದದ್ದೂ ಸುಲಭವಾಗಿ ಏನಲ್ಲ. ಮೊದಮೊದಲು ಕಳಿಸಿದ ಕಥೆಗಳಿಗೆ ಉತ್ತರವೇ ಇರಲಿಲ್ಲ. ಕಥೆ ಇಷ್ಟವಾಗಲಿಲ್ಲವೋ, ಫೈಲೇ ತೆರೆಯಲಿಲ್ಲವೋ ಗೊತ್ತಾಗುತ್ತಿರಲಿಲ್ಲ. ನಾನು ನುಡಿ ಅನ್ನುವ ಕನ್ನಡ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡುತ್ತಿದ್ದೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಥೆ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತದೆ ಅಂತ ಎರಡು ವರ್ಷದ ನಂತರ ಒಬ್ಬ ಉಪಸಂಪಾದಕರು ಫೋನ್ ಮಾಡಿ ಹೇಳಿದರು. "ಯುನಿಕೋಡಿಗೆ ಬದಲಿಸಿ ಮತ್ತೆ ಕಳಿಸಮ್ಮಾ" ಅಂದರು. ಅವರು ಆ ಫೋನ್ ಮಾಡಬೇಕು ಅಂತೇನೂ ಇರಲಿಲ್ಲ. ಅವರ ಆ ಐದು ನಿಮಿಷಕ್ಕೆ ನಾನು ಇವತ್ತಿಗೂ ಋಣಿ. ನನ್ನ ಮೊದಲ ಕಥೆ ಬಂದಿದ್ದು ಅದರಿಂದಲೇ.

ಮಾಸ್ತರು ಎರಡು ತಿಂಗಳು ತಗೊಂಡರು. ನಾನು ದಿನಾ ಅವರ ಮನೆ ಮುಂದೆ ಹಾಯ್ದು ಹೋಗುತ್ತಿದ್ದೆ. ಅವರು ಕಟ್ಟೆಯ ಮೇಲೆ ಕೂತಿರುತ್ತಿದ್ದರು, ಕೈಯಲ್ಲಿ ನನ್ನ ಹಾಳೆ, ಕಿವಿಯಲ್ಲಿ ಪೆನ್ಸಿಲ್. ಕರೆಯುತ್ತಿರಲಿಲ್ಲ. ಒಂದಿನ ಕರೆದರು. "ಒಂಬತ್ತು ಅದಾವ. ಐದು ಇನ್ನೂ ಹಸಿ ಅದಾವವಾ" ಅಂದರು.

ಆ ಐದರಲ್ಲಿ ಎರಡು ಪತ್ರಿಕೆಯಲ್ಲಿ ಬಂದಿದ್ದ ಕಥೆಗಳು. ಅದನ್ನೇ ಹೇಳಿದೆ. "ಬಂದಿರಬೇಕು. ಪತ್ರಿಕಿ ಒಂದು ವಾರ ಇರತೈತಿ, ಪುಸ್ತಕ ಮನ್ಯಾಗ ಇರತೈತಿ" ಅಂದರು. ಉಳಿಸಿಕೊಂಡ ಒಂಬತ್ತರಲ್ಲೂ ಪೆನ್ಸಿಲ್ ಓಡಾಡಿತ್ತು. ಒಂದು ಕಥೆಯಲ್ಲಿ ಅಜ್ಜಿ ಸಾಲಕ್ಕೆ ಎಮ್ಮೆ ಮಾರುತ್ತಾಳೆ. ಎಮ್ಮೆ ಹೋದ ಮೇಲೆ ಹಗ್ಗ ಹಿಡಕೊಂಡು ನಿಂತಿರುತ್ತಾಳೆ. ಅದಾದ ಮೇಲೆ ನಾನು ಒಂದು ಪುಟ ಬರೆದಿದ್ದೆ, ಅಜ್ಜಿಯ ದುಃಖ, ಊರಿನ ಬಡತನ, ಬ್ಯಾಂಕಿನ ಬಡ್ಡಿ ಎಲ್ಲ ಸೇರಿಸಿ. ಮಾಸ್ತರು ಆ ಪುಟಕ್ಕೆ ಮೇಲಿಂದ ಕೆಳಗೆ ಒಂದೇ ಗೆರೆ ಎಳೆದಿದ್ದರು. "ಆಕಿ ಹಗ್ಗ ಹಿಡಕೊಂಡು ನಿಂತ ಕೂಡ್ಲೇ ನನಗ ತಿಳೀತು. ಆಮ್ಯಾಲ ನೀ ನನಗ ತಿಳಿಸಿ ಹೇಳಾಕತ್ತಿ. ನಾ ಏನ್ ಸಣ್ ಹುಡುಗನಾ?"

ಮನೆಗೆ ಬಂದು ಅತ್ತೆ. ಮರುದಿನ ಆ ಪುಟ ತೆಗೆದು ಕಥೆ ಓದಿದೆ. ನಾನೇ ಬರೆದ ಕಥೆ ಮೊದಲ ಸಲ ನನ್ನ ಗಂಟಲು ಕಟ್ಟಿಸಿತು. ಮೈಸೂರಿನ ಆ ಅನುವಾದಕಿ ಮೊದಲು ಆರಿಸಿದ್ದು ಇದೇ ಕಥೆಯನ್ನು.

ಬರೆಯಲು ಶುರುಮಾಡಿದವರು ನನ್ನನ್ನು ಕೇಳುವ ಮೊದಲ ಪ್ರಶ್ನೆ, "ಪ್ರಕಾಶಕರು ಹೆಂಗೆ ಸಿಕ್ಕರು ಅಕ್ಕಾ?" ನಾನು ತಿರುಗಿ ಕೇಳುತ್ತೇನೆ, "ನಿನ್ನ ಕಥೆ ಮೇಲೆ ಗೆರೆ ಎಳೆದವರು ಯಾರಾದ್ರೂ ಇದ್ದಾರಾ?" ಸಾಮಾನ್ಯವಾಗಿ ಇರುವುದಿಲ್ಲ. ಗೆಳೆಯರು ಚೆನ್ನಾಗಿದೆ ಅಂದಿರುತ್ತಾರೆ. ಮುನ್ನುಡಿ ಬರೆಯುವ ಹಿರಿಯರು ಪುಸ್ತಕ ಅಚ್ಚಿಗೆ ಹೋಗುವ ಹೊತ್ತಿಗೆ ಓದುತ್ತಾರೆ, ಆಗ ತಿದ್ದಲು ಸಮಯ ಇರುವುದಿಲ್ಲ. ನಮ್ಮಲ್ಲಿ ಬಹಳ ಪ್ರಕಾಶನಗಳಿಗೆ ಸಂಪಾದಕರನ್ನು ಇಟ್ಟುಕೊಳ್ಳುವಷ್ಟು ಶಕ್ತಿ ಇಲ್ಲ. ಕರಡು ತಿದ್ದುವವರು ಇದ್ದರೆ ಅದೇ ಪುಣ್ಯ. ಹಾಗಾಗಿ ಪುಸ್ತಕ ಬೇಕು ಅನ್ನುವ ಮೊದಲು ಒಬ್ಬ ಗಟ್ಟಿ ಓದುಗರನ್ನು ಹುಡುಕಿಕೊಳ್ಳಿ ಅಂತ ನಾನು ಕೈ ಮುಗಿದು ಹೇಳುತ್ತೇನೆ.

ಇನ್ನು ಪ್ರಕಾಶಕರ ಹುಡುಕಾಟ. ಐದು ಕಡೆ ಕಳಿಸಿದೆ. ಮೂರು ಕಡೆಯಿಂದ ಉತ್ತರ ಬರಲಿಲ್ಲ. ಒಬ್ಬರು ಕಥೆಗಳಿಗೆ ಮಾರುಕಟ್ಟೆ ಇಲ್ಲ, ಕಾದಂಬರಿ ಇದ್ದರೆ ಕೊಡಿ ಅಂದರು. ಒಬ್ಬರು ಒಪ್ಪಿದರು. ಮನೆಯಲ್ಲಿ ಅವ್ವ ಹೋಳಿಗೆ ಮಾಡಿದಳು. ಒಂದು ವಾರದ ನಂತರ ಅವರು ಫೋನ್ ಮಾಡಿ, ಅಚ್ಚಿನ ಖರ್ಚು ನೀವೇ ಹಾಕಬೇಕು, ಇಲ್ಲವಾದರೆ ಮುನ್ನೂರು ಪ್ರತಿ ನೀವೇ ಕೊಳ್ಳಬೇಕು ಅಂದರು. ನನ್ನ ನಾಲ್ಕು ತಿಂಗಳ ಸಂಬಳ ಅದು. ಅಪ್ಪ ಸೊಸೈಟಿಯಲ್ಲಿ ಸಾಲ ತೆಗೆಯುತ್ತೇನೆ ಅಂದರು. ನಾನು ಬೇಡ ಅಂದೆ. ಎಮ್ಮೆ ಮಾರಿದ ಅಜ್ಜಿಯ ಕಥೆ ಅಚ್ಚು ಹಾಕಿಸಲು ಸಾಲ ಮಾಡುವುದು ನನಗೆ ಆಗಲಿಲ್ಲ.

ಆಗ ಸಿಟ್ಟು ಬಂದಿತ್ತು. ಆಮೇಲೆ ಬ್ಯಾಂಕಿನವಳಾಗಿ ಲೆಕ್ಕ ಹಾಕಿ ನೋಡಿದೆ. ನನ್ನ ಪುಸ್ತಕ 128 ಪುಟ. ಬೆಲೆ 140 ರೂಪಾಯಿ ಇಡಬಹುದು, ಅದಕ್ಕಿಂತ ಜಾಸ್ತಿ ಇಟ್ಟರೆ ಹೊಸ ಹೆಸರಿನ ಪುಸ್ತಕ ಯಾರು ಕೊಳ್ಳುತ್ತಾರೆ? ಅಂಗಡಿಯವರಿಗೆ ಹತ್ತಿರ ಹತ್ತಿರ ಮೂರನೇ ಒಂದು ಭಾಗ ರಿಯಾಯಿತಿ ಕೊಡಬೇಕು. ಪುಸ್ತಕ ಮಾರಿದ ಮೇಲೂ ದುಡ್ಡು ಕೈಗೆ ಬರುವುದು ತಿಂಗಳುಗಟ್ಟಲೆ ತಡ. ಸಾರ್ವಜನಿಕ ಗ್ರಂಥಾಲಯ ಇಲಾಖೆ ಏಕಗವಾಕ್ಷಿ ಯೋಜನೆಯಲ್ಲಿ, ಅಂದರೆ ಗ್ರಂಥಾಲಯಗಳಿಗೆಲ್ಲ ಒಂದೇ ಕಡೆಯಿಂದ, ಪುಸ್ತಕ ಕೊಂಡರೆ ಪ್ರಕಾಶಕರು ಉಸಿರು ಬಿಡುತ್ತಾರೆ. ಎಷ್ಟೋ ಸಣ್ಣ ಪ್ರಕಾಶಕರು ಆ ಆದೇಶವನ್ನು ಮಳೆ ಕಾದಂತೆ ಕಾಯುತ್ತಾರೆ. ಬರೆದವರಿಗೆ ನೂರಕ್ಕೆ ಹತ್ತು ಗೌರವಧನ ಅಂತ ವಾಡಿಕೆ. ಐನೂರು ಪ್ರತಿಯೂ ಮಾರಿದರೆ ನನಗೆ ಬರುವುದು 7,000 ರೂಪಾಯಿ. ಅದರಲ್ಲಿ ಏಜೆಂಟ್ ಹದಿನೈದು ಪರ್ಸೆಂಟ್ ತಗೊಂಡರೆ 1,050 ರೂಪಾಯಿ. ಆರು ತಿಂಗಳು ಓದಿ, ತಿದ್ದಿಸಿ, ಹತ್ತು ಬಾಗಿಲು ತಟ್ಟಿದ್ದಕ್ಕೆ ಅಷ್ಟೇ.

ಕನ್ನಡದಲ್ಲಿ ಏಜೆಂಟ್ ಯಾಕಿಲ್ಲ ಅನ್ನುವುದಕ್ಕೆ ಈ ಒಂದು ಅಂಕಿ ಸಾಕು ಅನಿಸುತ್ತದೆ ನನಗೆ. ನಮ್ಮಲ್ಲಿ ಆ ಕೆಲಸ ಇಲ್ಲ ಅಂತಲ್ಲ. ದುಡ್ಡು ತಗೊಳ್ಳದೆ ಮಾಡುವವರು ಮೊದಲಿನಿಂದಲೂ ಇದ್ದಾರೆ.

ಧಾರವಾಡದ ಸುಭಾಸ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆಯ ಅಟ್ಟ ಇದೆ. ಜಿ.ಬಿ. ಜೋಶಿಯವರು 1933ರಲ್ಲಿ ಶುರುಮಾಡಿದ ಪ್ರಕಾಶನ. ಓದುಗರೇ ಚಂದಾ ಕಟ್ಟಿ ವರ್ಷದ ಪುಸ್ತಕ ತರಿಸಿಕೊಳ್ಳುತ್ತಿದ್ದರು. ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರಂಥ ಓದುಗರು ಅಲ್ಲಿ ಕೂತು ಹಸ್ತಪ್ರತಿ ನೋಡುತ್ತಿದ್ದರು. 1961ರಲ್ಲಿ ಗ್ರಂಥಮಾಲೆಯವರು ಒಬ್ಬ ಇಪ್ಪತ್ತಮೂರರ ಹುಡುಗನ ಮೊದಲ ನಾಟಕ ಪ್ರಕಟಿಸಿದರು. ಆ ಹುಡುಗ ಆಗ ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ. ಹೆಸರು ಗಿರೀಶ ಕಾರ್ನಾಡ, ನಾಟಕ ಯಯಾತಿ. ನಾನು ಮೊದಲ ಸಲ ಆ ಅಟ್ಟದ ಮೆಟ್ಟಿಲು ಹತ್ತಿದಾಗ ಏನೂ ಕೇಳಲು ಹೋಗಿರಲಿಲ್ಲ. ಸುಮ್ನೆ ನೋಡಲು ಹೋಗಿದ್ದೆ. ಅಲ್ಲಿ ಕೂತು ಯಾರೋ ಯಾರದೋ ಹಸ್ತಪ್ರತಿಯನ್ನು ಗಂಭೀರವಾಗಿ ಓದುತ್ತಿದ್ದರು ಅನ್ನುವುದನ್ನು ನೆನೆದರೇ ಧೈರ್ಯ ಬರುತ್ತದೆ.

ಓದುವವರು, ಅಚ್ಚು ಹಾಕುವವರು ಸಿಗದಿದ್ದಾಗ ನಮ್ಮ ಹಿರಿಯರು ತಾವೇ ಇಳಿದರು. ನಮ್ಮ ಜಿಲ್ಲೆಯವರೇ ಆದ ಗಳಗನಾಥರು ತಮ್ಮ ಕಾದಂಬರಿಗಳನ್ನು ತಲೆ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ತುಂಗಭದ್ರೆ ಮತ್ತು ವರದಾ ಕೂಡುವ ಗಳಗನಾಥ ಊರು ನಮ್ಮ ಮನೆಯಿಂದ ದೂರವೇನಿಲ್ಲ. ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವಾಗಲೆಲ್ಲ ನನಗೆ ಆ ಗಂಟು ಕಣ್ಣಿಗೆ ಕಟ್ಟುತ್ತದೆ. ಶಿವರಾಮ ಕಾರಂತರು ಪುತ್ತೂರಿನಲ್ಲಿ ಅಚ್ಚುಕೂಟವನ್ನೇ ಹಾಕಿ, ಮುಖಪುಟದ ಚಿತ್ರವನ್ನೂ ತಾವೇ ಬರೆದವರು. ಇವತ್ತು ಸ್ವಂತ ಖರ್ಚಿನಲ್ಲಿ ಪುಸ್ತಕ ತರುವವರನ್ನು ಕಂಡರೆ ಕೆಲವರು ಮೂಗು ಮುರಿಯುತ್ತಾರೆ. ನಾನು ಮುರಿಯುವುದಿಲ್ಲ. ಕಥೆ ಒಣಗಿದ್ದರೆ ಸಾಕು.

ಈಗಿನವರಿಗೆ ಒಂದೆರಡು ದಾರಿ ಜಾಸ್ತಿ ಇವೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ, ಪತ್ರಿಕೆಗಳಲ್ಲಿ ಅರ್ಜಿ ಕರೆಯುತ್ತಾರೆ, ಕಣ್ಣಿಟ್ಟಿರಿ. ಕಥೆಗಾರ ವಸುಧೇಂದ್ರ ಅವರ 'ಛಂದ ಪುಸ್ತಕ' ಪ್ರಕಾಶನ ಇನ್ನೂ ಸಂಕಲನ ತರದ ಕಥೆಗಾರರ ಹಸ್ತಪ್ರತಿಗೆ ಬಹುಮಾನ ಇಟ್ಟು, ಗೆದ್ದದ್ದನ್ನು ಪುಸ್ತಕ ಮಾಡಿದೆ. ಹೀಗೆ ಬಂದ ಹೊಸಬರು ಎಷ್ಟೋ ಜನ. ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆ ಇದೆ. ಸ್ಪರ್ಧೆಗೆ ಕಳಿಸುವುದರಲ್ಲಿ ಇನ್ನೊಂದು ಲಾಭ ಇದೆ: ಕೊನೆಯ ದಿನಾಂಕ ಇರುತ್ತದೆ, ಕಥೆ ಮುಗಿಯುತ್ತದೆ.

ನನ್ನ ಪುಸ್ತಕ ಬಂದಿದ್ದು ಇವುಗಳಲ್ಲಿ ಯಾವುದರಿಂದಲೂ ಅಲ್ಲ. ಹುಬ್ಬಳ್ಳಿಯ ಒಂದು ಪುಸ್ತಕದಂಗಡಿಯಲ್ಲಿ ಪ್ರತಿ ತಿಂಗಳು ಸಂಬಳವಾದ ಮೇಲೆ ಎರಡು ಪುಸ್ತಕ ಕೊಳ್ಳುತ್ತಿದ್ದೆ. ಅಂಗಡಿಯ ಅಣ್ಣಾರಿಗೆ ನಾನು ಬರೆಯುತ್ತೇನೆ ಅಂತ ಹೇಳಿರಲೇ ಇಲ್ಲ. ಒಂದು ಸಲ ಪತ್ರಿಕೆಯಲ್ಲಿ ನನ್ನ ಫೋಟೋ ನೋಡಿ, "ಏನವಾ ತಂಗಿ, ನೀನಾ ಇದು? ಇಷ್ಟ ದಿನ ಹೇಳಲೇ ಇಲ್ಲಲ್ಲ" ಅಂದರು. ಅಲ್ಲೇ ನಿಂತು ಒಬ್ಬರಿಗೆ ಫೋನ್ ಹಚ್ಚಿದರು. ಸಣ್ಣ ಪ್ರಕಾಶಕರು, ಮನೆಯ ಮುಂದಿನ ಕೋಣೆಯೇ ಆಫೀಸು. ನಾನು ಹೋದಾಗ ಕೋಣೆಯ ತುಂಬ ಪುಸ್ತಕದ ಬಂಡಲ್, ಕೂರಲು ಜಾಗ ಮಾಡಲು ಅವರ ಮನೆಯವರು ಎರಡು ಬಂಡಲ್ ಎತ್ತಿ ಒಳಗೆ ಇಟ್ಟರು. ಒಂಬತ್ತು ಕಥೆಯನ್ನೂ ಅವರು ಓದಿದರು. ಹದಿನೈದು ದಿನದಲ್ಲಿ ಉತ್ತರ ಕೊಟ್ಟರು. ಐನೂರು ಪ್ರತಿ, ಹತ್ತು ಪರ್ಸೆಂಟ್, ಇಪ್ಪತ್ತೈದು ಪ್ರತಿ ನನಗೆ ಉಚಿತ. ಎಲ್ಲ ಬಾಯಿಮಾತಿನಲ್ಲೇ. ಕಾಗದ ಕೇಳಬೇಕು ಅಂತ ನನಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಕೇಳುತ್ತಿರಲಿಲ್ಲ. ಅಷ್ಟು ಒಳ್ಳೆಯವರ ಮುಂದೆ ಕರಾರು ಅನ್ನುವುದು ಅಪನಂಬಿಕೆಯ ಮಾತು ಅನಿಸುತ್ತಿತ್ತು.

ಪುಸ್ತಕ 2022ರ ಡಿಸೆಂಬರಿನಲ್ಲಿ ಬಂತು. ಮುಂದಿನ ತಿಂಗಳೇ ಹಾವೇರಿಯಲ್ಲಿ ಸಾಹಿತ್ಯ ಸಮ್ಮೇಳನ. ಮೂರು ದಿನ ರಜೆ ಹಾಕಿ ಪ್ರಕಾಶಕರ ಮಳಿಗೆಯಲ್ಲೇ ನಿಂತಿದ್ದೆ. ಧೂಳು, ಜನಸಾಗರ. ಎರಡನೇ ದಿನ ಒಬ್ಬ ಅಜ್ಜಿ, ನಮ್ಮ ಕಡೆಯವರೇ, ಪುಸ್ತಕ ಎತ್ತಿಕೊಂಡು ಮುಖಪುಟ ನೋಡಿದರು. "ಇದರಾಗ ಏನೈತಿ?" ಅಂದರು. ಎಮ್ಮೆಯ ಕಥೆ ಹೇಳಿದೆ. ಅಜ್ಜಿ ಸೊಂಟದ ಚೀಲದಿಂದ ನೋಟು ತೆಗೆದು, "ನನಗ ಓದಾಕ ಬರಂಗಿಲ್ಲ. ಮೊಮ್ಮಗಳ ಕಡಿಂದ ಓದಿಸ್ಕೋತೀನಿ" ಅಂದರು. ಆ ಮೂರು ದಿನದಲ್ಲಿ 61 ಪ್ರತಿ ಹೋದವು. ಲೆಕ್ಕ ಬರೆದಿಟ್ಟಿದ್ದೇನೆ.

ಇಷ್ಟೆಲ್ಲ ಆದಮೇಲೆ ಬಂದಿದ್ದು ಮೈಸೂರಿನ ಆ ಫೋನು. ಅದು ಆಗಲೇ ಯಾಕೆ ಬಂತು ಅಂತ ನನಗೆ ಗೊತ್ತು. 2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರಿಗೂ ಕೊಡಗಿನ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿ ಬಂತು. ಕನ್ನಡಕ್ಕೆ ಮೊದಲ ಸಲ, ಸಣ್ಣಕಥೆಗಳ ಸಂಕಲನಕ್ಕೂ ಮೊದಲ ಸಲ. 50,000 ಪೌಂಡ್ ಇಬ್ಬರಿಗೂ ಸಮಪಾಲು. ಪುಸ್ತಕದ ಹೆಸರು ಹಾರ್ಟ್ ಲ್ಯಾಂಪ್. ಹನ್ನೆರಡು ಕಥೆ, ಮೂರು ದಶಕಕ್ಕೂ ಹೆಚ್ಚು ಕಾಲದಲ್ಲಿ ಬರೆದವು. ಇಂಗ್ಲೆಂಡಿನಲ್ಲಿ ಅದನ್ನು ತಂದಿದ್ದು ಶೆಫೀಲ್ಡಿನ ಆಂಡ್ ಅದರ್ ಸ್ಟೋರೀಸ್ ಅನ್ನುವ ಸಣ್ಣ ಪ್ರಕಾಶನ. ಕಥೆಗಳಿಗೆ ಮಾರುಕಟ್ಟೆ ಇಲ್ಲ ಅಂತ ಕೇಳಿ ಕೇಳಿ ಬೆಳೆದ ನಮಗೆಲ್ಲ ಆ ರಾತ್ರಿ ನಿದ್ದೆ ಬರಲಿಲ್ಲ. ಅನುವಾದಕರೂ ನಮ್ಮ ಕಪಾಟುಗಳ ಕಡೆ ಹೊಸದಾಗಿ ನೋಡತೊಡಗಿದರು.

ಹಕ್ಕು ಯಾರ ಹತ್ತಿರ ಇದೆ? ಅದನ್ನು ಹುಡುಕಲು ಕುಳಿತಾಗ ಗೊತ್ತಾಗಿದ್ದನ್ನು ಪ್ರತಿಯೊಬ್ಬ ಹೊಸ ಬರಹಗಾರರೂ ತಿಳಿದಿರಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ ಕೃತಿಯ ಮೊದಲ ಒಡೆತನ ಸಾಮಾನ್ಯವಾಗಿ ಬರೆದವರದ್ದೇ. 19ನೇ ಕಲಮು ಹೇಳುತ್ತದೆ: ಹಕ್ಕನ್ನು ಬೇರೆಯವರಿಗೆ ವರ್ಗ ಮಾಡಬೇಕಾದರೆ ಅದು ಬರಹದಲ್ಲಿರಬೇಕು, ಸಹಿ ಇರಬೇಕು. ಬಾಯಿಮಾತಿನಿಂದ ವರ್ಗ ಆಗುವುದಿಲ್ಲ. ಬರಹದಲ್ಲಿದ್ದು ಅವಧಿ ನಮೂದಿಸಿಲ್ಲವಾದರೆ ಐದು ವರ್ಷ ಅಂತ ತಿಳಿಯಬೇಕು. ಯಾವ ಪ್ರದೇಶಕ್ಕೆ ಅಂತ ಬರೆದಿಲ್ಲವಾದರೆ ಭಾರತಕ್ಕೆ ಮಾತ್ರ. ಅಂದರೆ ನಾನು ಸಂಕೋಚದಿಂದ ಕೇಳದೆ ಬಿಟ್ಟ ಕಾಗದ ಇಲ್ಲದ್ದರಿಂದ ಅನುವಾದದ ಹಕ್ಕು ನನ್ನಲ್ಲೇ ಉಳಿದಿತ್ತು.

ಆದರೂ ಕಾಗದ ಇರಬೇಕು. ಇಂಗ್ಲಿಷ್ ಪ್ರಕಾಶಕರು ಅದನ್ನು ಕೇಳುತ್ತಾರೆ ಅಂತ ಅನುವಾದಕಿ ಹೇಳಿದರು. ನಮ್ಮ ಪ್ರಕಾಶಕರಿಗೆ ಫೋನ್ ಮಾಡಿದೆ. ನಾಲ್ಕು ಸಲ ಮಾತು ತೊದಲಿತು. ಅವರು ಪೂರ್ತಿ ಕೇಳಿಸಿಕೊಂಡು, "ಇದನ್ನ ನಾನಾ ಮಾಡಬೇಕಿತ್ತು, ತಪ್ಪು ನಂದು. ಬಾ ತಂಗಿ, ಕೂತು ಬರಿಯೋಣು" ಅಂದರು. ಒಂದೇ ಪುಟ ಬರೆದೆವು. ಕನ್ನಡದಲ್ಲಿ ಅಚ್ಚು ಹಾಕುವ ಹಕ್ಕು ಐದು ವರ್ಷ ಅವರದ್ದು. ಅನುವಾದ, ನಾಟಕ, ಸಿನಿಮಾ, ಆಡಿಯೋ ನನ್ನದು. ಲೆಕ್ಕ ವರ್ಷಕ್ಕೊಮ್ಮೆ. ಈಗ ಅವರು ಬೇರೆ ಲೇಖಕರಿಗೂ ಅದೇ ಪುಟ ಬಳಸುತ್ತಿದ್ದಾರೆ. ನನಗೆ ಇದು ಪುಸ್ತಕ ಬಂದಷ್ಟೇ ಸಂತೋಷದ ವಿಷಯ.

ಅನುವಾದಕಿ ಎರಡು ಕಥೆ ಮುಗಿಸಿದ್ದಾರೆ. ಅವನ್ನು ದೆಹಲಿಯ ಒಬ್ಬ ಏಜೆಂಟರಿಗೆ ಕಳಿಸಿದ್ದೇವೆ. ಉತ್ತರ ಬಂದಿಲ್ಲ. ಇಂಗ್ಲಿಷಿನಲ್ಲಿ ಪುಸ್ತಕ ಆಗಬೇಕಾದರೆ ಒಂಬತ್ತು ಕಥೆ ಸಾಲುವುದಿಲ್ಲ, ಇನ್ನೂ ಎರಡು ಮೂರು ಇದ್ದರೆ ಒಳ್ಳೆಯದು ಅಂದರು ಅನುವಾದಕಿ. ನನಗೆ ಆ ಐದು ಕಥೆ ನೆನಪಾದವು. ಅಟ್ಟದ ಮೇಲಿನ ಡಬ್ಬದಲ್ಲಿ ಹಾಗೇ ಇದ್ದವು. ಎರಡನ್ನು ತೆಗೆದು ಮಳೆಗಾಲವಿಡೀ ಮತ್ತೆ ಬರೆದೆ.

ಹೋದ ಭಾನುವಾರ ಮಾಸ್ತರ ಮನೆಗೆ ಹೋದೆ. ಕಟ್ಟೆಯ ಮೇಲೇ ಕೂತಿದ್ದರು. ಹಾಳೆ ಕೊಟ್ಟರೆ ತಗೊಳ್ಳಲಿಲ್ಲ. ಕಣ್ಣಿನ ಪೊರೆ ಜಾಸ್ತಿಯಾಗಿದೆ, ಆಪರೇಷನ್ನಿಗೆ ಮಗ ಬರಬೇಕಂತೆ. ಪೆನ್ಸಿಲ್ ತೆಗೆದು ನನ್ನ ಕೈಗೆ ಕೊಟ್ಟರು. "ನೀನಾ ಓದು. ನಾ ನಿಲ್ಸು ಅಂದಲ್ಲಿ ಗುರುತು ಹಾಕ್ಕೊಂತ ಹೋಗು" ಅಂದರು. ಎರಡನೇ ಪುಟ ಮುಗಿಯುವ ಮೊದಲೇ ಮೂರು ಸಲ ನಿಲ್ಲಿಸಿದರು.